ಡಿಸೆಂಬರಿನಲ್ಲಿ ಬಣ್ಣ ಏಕೆ ಜರುಗುತ್ತದೆ?

ಓದುಗರ ಪ್ರಶ್ನೆ: "ಊರು ಧಾರವಾಡ, ಈಗ ಮ್ಯೂನಿಕ್‌ನಲ್ಲಿ ಕೆಲಸ. ಇಲ್ಲಿ ಪಕ್ಕದ ಡಾಖೌ ಊರಿನಲ್ಲಿದ್ದ ಕಾರ್ಲ್ ಟೀಮನ್ ಎಂಬ ಕಲಾವಿದರ ಬಣ್ಣದ ವುಡ್‌ಕಟ್‌ಗಳನ್ನು (ಮರದ ಹಲಗೆಯಲ್ಲಿ ಕೆತ್ತಿ ಕಾಗದಕ್ಕೆ ಒತ್ತಿದ ಚಿತ್ರಗಳನ್ನು) ನೋಡಿ ಹುಚ್ಚು ಹಿಡಿಯಿತು. ಅಡುಗೆಮನೆಯ ಟೇಬಲ್ಲಿನ ಮೇಲೆ ನಾನೂ ಶುರುಮಾಡಿದೆ. ಗಾಜಿನ ಲೋಟದಲ್ಲಿ ಐದು ಡೇಲಿಯಾ ಹೂ. ಕೆತ್ತಿದ ಹಲಗೆ, ಅಂದರೆ ಬ್ಲಾಕ್, ನಾಲ್ಕು: ಗೆರೆಗೆ ಒಂದು, ಬಣ್ಣಗಳಿಗೆ ಮೂರು, ಎಲ್ಲವೂ ಪ್ಲೈವುಡ್. ನೀರಿನ ಬಣ್ಣ, ಅಕ್ಕಿ ಅಂಟು, ಜಪಾನಿನ ಕೋಜೊ ಕಾಗದ. ಬರೆನ್ (ಕಾಗದದ ಬೆನ್ನು ಉಜ್ಜುವ ಚಪ್ಪಟೆ ಬಿಲ್ಲೆ) ಹಿಡಿದು ಕೈಯಲ್ಲೇ ಉಜ್ಜುತ್ತೇನೆ. ಹಾಳೆ 40×28 ಸೆಂ.ಮೀ., ಚಿತ್ರ 30×20. ಜೂನ್‌ನಲ್ಲಿ 12 ಹಾಳೆ ತೆಗೆದೆ, ಚೆನ್ನಾಗಿ ಬಂದವು. ಡಿಸೆಂಬರ್‌ನಲ್ಲಿ ಅದೇ ಬ್ಲಾಕ್‌ಗಳಿಂದ 20 ತೆಗೆದರೆ ಮೊದಲ ಆರು ಬಿಟ್ಟು ಉಳಿದವೆಲ್ಲ ಹಾಳು. ಕೆಳಗೆ ಲೋಟ ಸರಿಯಾಗಿದೆ, ಮೇಲೆ ಹೂವಿನ ಕೆಂಪು ಗೆರೆ ದಾಟಿ 2 ಮಿ.ಮೀ. ಮೇಲಕ್ಕೆದ್ದಿದೆ. ಹಿನ್ನೆಲೆಯ ಬೂದು ಬಣ್ಣವೆಲ್ಲ ಚುಕ್ಕಿ ಚುಕ್ಕಿ. ಪ್ಲೈವುಡ್ ಬಿಟ್ಟು ಚೆರಿ ಮರ ತೊಗೊಳ್ಳಿ ಅಂತ ಒಬ್ಬರು, ಪ್ರೆಸ್ ಕೊಳ್ಳಿ ಅಂತ ಇನ್ನೊಬ್ಬರು. ಜರ್ಮನ್ ವುಡ್‌ಕಟ್ ಎಂದರೆ ಒರಟಾಗಿಯೇ ಇರಬೇಕು, ಅದೇ ಅದರ ಚೆಂದ ಎಂದು ಮೂರನೆಯವರು. ಪ್ರೆಸ್ಸಿಗೆ 600 ಯೂರೊ ಎತ್ತಿಟ್ಟಿದ್ದೇನೆ. ಕೊಳ್ಳಲೇ? ಇನ್ನೊಂದು: ಕಲಿಯಲೆಂದು ಟೀಮನ್ ಅವರ ಒಂದು ಹೂವಿನ ಚಿತ್ರವನ್ನೇ ನೋಡಿ ಕೆತ್ತಿದ್ದೇನೆ, ಅದನ್ನು ಇಲ್ಲಿನ ಕನ್ನಡಿಗರ ಯುಗಾದಿ ಸಂತೆಯಲ್ಲಿ ಮಾರಬಹುದೇ?"

ಉತ್ತರ:

ಕೆಳಗೆ ಲೋಟ ಸರಿ, ಮೇಲೆ ಹೂ ತಪ್ಪು. ಈ ಒಂದು ಸಾಲನ್ನು ನೀವು ಬರೆದದ್ದು ಒಳ್ಳೆಯದಾಯಿತು. ಹೆಚ್ಚಿನವರು "ಬಣ್ಣ ಕೂಡ್ತಾ ಇಲ್ಲ" ಎಂದಷ್ಟೇ ಬರೆಯುತ್ತಾರೆ, ಅದರಿಂದ ಏನೂ ಹೇಳಲಾಗುವುದಿಲ್ಲ. ನಿಮ್ಮ ಕಾಗದ ಒಣಗಿ ಕುಗ್ಗಿದೆ. ಬ್ಲಾಕಿನ ಮೇಲೆ, ಉಳಿಯ ಮೇಲೆ ಅನುಮಾನ ಬೇಡ. ಪ್ರೆಸ್ಸಿನ ದುಡ್ಡು ಬ್ಯಾಂಕಿನಲ್ಲೇ ಇರಲಿ. ಬೂದು ಬಣ್ಣದ ಚುಕ್ಕಿಗಳೂ ಇದೇ ಕಾಯಿಲೆಯ ಇನ್ನೊಂದು ಲಕ್ಷಣ.

ಹೇಗೆ ಗೊತ್ತಾಗುತ್ತದೆ ಎಂದರೆ, ಬಣ್ಣ ಜರುಗುವುದರಲ್ಲಿ ಮೂರು ಬಗೆಯಿದೆ, ಮೂರಕ್ಕೂ ಮುಖ ಬೇರೆ. ಇಡೀ ಬಣ್ಣ ಒಂದೇ ದಿಕ್ಕಿಗೆ, ಎಲ್ಲ ಹಾಳೆಯಲ್ಲೂ ಒಂದೇ ಅಳತೆಯಲ್ಲಿ ಸರಿದಿದ್ದರೆ ಆ ಬ್ಲಾಕಿನ ಕೆಂಟೊ (ಹಾಳೆ ಕೂರಿಸುವ ಗುರುತು) ತಪ್ಪಾದ ಜಾಗದಲ್ಲಿದೆ, ಅಥವಾ ಗೆರೆಯನ್ನು ಆ ಬ್ಲಾಕಿಗೆ ಇಳಿಸುವಾಗಲೇ ಎಡವಟ್ಟಾಗಿದೆ. ಒಂದು ಹಾಳೆಯಲ್ಲಿ ಆ ಕಡೆ, ಇನ್ನೊಂದರಲ್ಲಿ ಈ ಕಡೆ ಎಂದಾದರೆ ಹಾಳೆ ಇಡುವ ಕೈಯ ತಪ್ಪು. ಇಲ್ಲವೇ ಕೆಂಟೊದ ಮೂಲೆಯಲ್ಲಿ ಒಣಗಿದ ಬಣ್ಣ ಕಟ್ಟಿಕೊಂಡು ಹಾಳೆ ಒಳಕ್ಕೆ ಕೂರುತ್ತಿಲ್ಲ. ಮೂರನೆಯದು ನಿಮ್ಮದು: ಕೆಂಟೊದ ಹತ್ತಿರ ತಪ್ಪು ಸೊನ್ನೆ, ದೂರ ಹೋದಷ್ಟೂ ಹೆಚ್ಚು, ಜೊತೆಗೆ ಒಂದನೇ ಹಾಳೆಗಿಂತ ಹತ್ತನೆಯದರಲ್ಲಿ ಹೆಚ್ಚು. ಇಷ್ಟಿದ್ದರೆ ಕಾಗದದ ಅಳತೆಯೇ ಬದಲಾಗುತ್ತಿದೆ ಎಂದು ಅರ್ಥ.

ಕೆಂಟೊ ಎಂದರೆ ಬ್ಲಾಕಿನಲ್ಲೇ ಕೆತ್ತಿದ ಎರಡು ಗುರುತು. ನಿಮ್ಮ ಕಡೆಯ ಅಂಚಿನಲ್ಲಿ ಬಲಗಡೆ ಒಂದು ಮೂಲೆ, ಅದರಿಂದ ಹಾಳೆಯ ಅಗಲದ ಮೂರನೇ ಎರಡರಷ್ಟು ದೂರದಲ್ಲಿ ಎಡಕ್ಕೆ ಒಂದು ನೇರ ಮೆಟ್ಟಿಲು. ಹಾಳೆಯನ್ನು ಕವುಚಿ ಇಡುವುದರಿಂದ ಬ್ಲಾಕಿನ ಬಲಮೂಲೆ ಮುಗಿದ ಚಿತ್ರದಲ್ಲಿ ಎಡಮೂಲೆಯಾಗುತ್ತದೆ. ಒಂದು ಕೆಟ್ಟ ಹಾಳೆ ತೆಗೆದುಕೊಂಡು ನೋಡಿ: ಎಡ ಕೆಳಮೂಲೆಯಲ್ಲಿ ಗೆರೆಯೂ ಬಣ್ಣವೂ ಕೂದಲೆಳೆ ತಪ್ಪದೆ ಕೂತಿರುತ್ತವೆ, ಬಲ ಮೇಲ್ಮೂಲೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಜರುಗಿರುತ್ತದೆ. ಗೆರೆ ಅಚ್ಚಾದಾಗ ಕಾಗದ ಹಿಗ್ಗಿತ್ತು. ಕೆಂಪು ಹಾಕುವ ಹೊತ್ತಿಗೆ ಅದು ಗೆರೆಯನ್ನೂ ಎಳೆದುಕೊಂಡು ಕೆಂಟೊದ ಕಡೆಗೆ ಕುಗ್ಗಿತು. ಬ್ಲಾಕಿನ ಕೆಂಪು ತನ್ನ ಜಾಗದಲ್ಲೇ ಇತ್ತು. 300 ಮಿ.ಮೀ. ಎತ್ತರದ ಚಿತ್ರದಲ್ಲಿ 2 ಮಿ.ಮೀ. ಎಂದರೆ ನೂರಕ್ಕೆ ಒಂದಂಶವೂ ಇಲ್ಲ. ಒದ್ದೆ ಕಾಗದ ಒಣಗುವಾಗ ಅಷ್ಟು ಕುಗ್ಗುವುದು ಏನೇನೂ ಆಶ್ಚರ್ಯವಲ್ಲ.

ಜೂನ್‌ನಲ್ಲಿ ಇದು ಏಕೆ ಆಗಲಿಲ್ಲ? ಹೀಟರ್. ಹೊರಗೆ 0 ಡಿಗ್ರಿ ಇರುವಾಗ ಗಾಳಿಯ ತೇವಾಂಶ ಶೇ. 80 ಇದ್ದರೂ ಆ ಗಾಳಿಯಲ್ಲಿರುವ ನೀರು ಒಂದು ಘನ ಮೀಟರಿಗೆ 4 ಗ್ರಾಂ ಕೂಡ ಇರುವುದಿಲ್ಲ. ಅದೇ ಗಾಳಿ ಒಳಗೆ ಬಂದು 21 ಡಿಗ್ರಿಗೆ ಕಾದರೆ ತೇವಾಂಶ ಶೇ. 21ರ ಆಸುಪಾಸಿಗೆ ಇಳಿಯುತ್ತದೆ. ಅಡುಗೆ, ಸ್ನಾನ, ಉಸಿರು ಎಲ್ಲ ಸೇರಿ ಅದನ್ನು 30ಕ್ಕೆ ಎತ್ತಬಹುದು, ಅಷ್ಟೆ. ತುಟಿ ಒಡೆಯುವ ಮನೆಯಲ್ಲಿ ತೆಳ್ಳನೆಯ ಒದ್ದೆ ಹಾಳೆಯೊಂದನ್ನು ಹತ್ತು ನಿಮಿಷ ತೆರೆದಿಟ್ಟರೆ ಏನಾದೀತು, ನೀವೇ ಯೋಚಿಸಿ. ಟೇಬಲ್ಲು ರೇಡಿಯೇಟರಿನ ಪಕ್ಕದಲ್ಲಿದ್ದರಂತೂ ಮುಗಿಯಿತು.

ನಿಮಗೆ ಸಿಕ್ಕಿದ ಮೂರು ಸಲಹೆಗಳ ವಿಚಾರ. ಚೆರಿ ಮರ ಜಪಾನಿನ ರೂಢಿ. ಕೂದಲಿನಷ್ಟು ತೆಳುವಾದ ಗೆರೆಯನ್ನು ಸಾವಿರಾರು ಪ್ರತಿಗೆ ಉಳಿಸುವ ಗಟ್ಟಿತನ ಅದಕ್ಕಿದೆ. ನಿಮ್ಮ 20 ಹಾಳೆಗೆ ಅದು ಬೇಕಿಲ್ಲ. ಜರ್ಮನಿಯಲ್ಲಿ ಪೇರ್ ಮತ್ತು ಲಿಂಡನ್ ಮರ ಹಿಂದಿನಿಂದಲೂ ಬಳಕೆಯಲ್ಲಿವೆ. ಆದರೆ ಇಡೀ ಮರದ ಹಲಗೆ ಅಡ್ಡಕ್ಕೆ ಹಿಗ್ಗಿ ಕುಗ್ಗುತ್ತದೆ, ಒಂದೇ ಮುಖಕ್ಕೆ ನೀರು ತಾಗಿದರೆ ದೋಣಿಯ ಹಾಗೆ ಬಾಗುತ್ತದೆ. ಬೇಸಿಗೆಗೂ ಚಳಿಗಾಲಕ್ಕೂ 30 ಸೆಂ.ಮೀ. ಅಗಲದ ಲಿಂಡನ್ ಹಲಗೆ ಒಂದೆರಡು ಮಿಲಿಮೀಟರ್ ವ್ಯತ್ಯಾಸವಾಗುವುದು ಮಾಮೂಲು. ಪ್ಲೈವುಡ್ಡಿನ ಪದರಗಳು ಅಡ್ಡ ಉದ್ದ ಅಂಟಿರುವುದರಿಂದ ಅಳತೆಗೆ ನಿಲ್ಲುವುದರಲ್ಲಿ ಅದೇ ಮೇಲು. ಒಂದೇ ಚಿತ್ರಕ್ಕೆ ಕೆಲವು ಬ್ಲಾಕ್ ಪ್ಲೈವುಡ್, ಕೆಲವು ಇಡೀ ಮರ ಎಂದು ಮಾತ್ರ ಯಾವತ್ತೂ ಮಾಡಬೇಡಿ. ಮುಂದಿನ ಸಲ ಕೊಳ್ಳುವಾಗ ಪಾಪ್ಲರ್ ಪ್ಲೈವುಡ್ ಬಿಟ್ಟು ಲಿಂಡನ್ ಜಾತಿಯದನ್ನೇ, ಜಪಾನಿನ ಶೀನಾ ಸಿಕ್ಕರೆ ಇನ್ನೂ ಒಳ್ಳೆಯದು, ತೆಗೆದುಕೊಳ್ಳಿ. ಪಾಪ್ಲರಿನ ಗೆರೆ ಉಣ್ಣೆಯಂತೆ ಎದ್ದು ಮುರಿಯುತ್ತದೆ.

ಪ್ರೆಸ್ ಒತ್ತಡ ಕೊಡುತ್ತದೆ, ತೇವ ಕೊಡುವುದಿಲ್ಲ. ಕುಗ್ಗಿದ ಹಾಳೆ ಪ್ರೆಸ್ಸಿನಲ್ಲೂ ಕುಗ್ಗಿದ ಹಾಳೆಯೇ. ಟೀಮನ್ ತಮ್ಮ ಎಷ್ಟೋ ಹಾಳೆಗಳ ಅಡಿಯಲ್ಲಿ ಪೆನ್ಸಿಲಿನಿಂದ 'ಹಾಂಟ್‌ಡ್ರುಕ್' ಎಂದು ಬರೆಯುತ್ತಿದ್ದರು. ಕೈಯಲ್ಲಿ ಒತ್ತಿದ್ದು ಎಂದು ಅದರ ಅರ್ಥ.

ಇನ್ನು "ಒರಟಾಗಿಯೇ ಇರಬೇಕು" ಎಂಬುದು. ಈ ಮಾತು ಹೇಳಿದವರ ತಲೆಯಲ್ಲಿರುವುದು 1905ರಲ್ಲಿ ಡ್ರೆಸ್ಡೆನ್‌ನಲ್ಲಿ ಶುರುವಾದ ಬ್ರ್ಯೂಕೆ ಎಂಬ ಕಲಾವಿದರ ಗುಂಪು, ಕಿರ್ಷ್‌ನರ್, ಹೆಕೆಲ್ ಅವರ ಗಾಯ ಕೆತ್ತಿದಂಥ ಕಪ್ಪು ವುಡ್‌ಕಟ್‌ಗಳು. ಅದು ಒಂದು ಹೊಳೆ. ಅದರ ಪಕ್ಕದಲ್ಲೇ ಇನ್ನೊಂದು ಹರಿಯಿತು. ಪ್ರಾಗ್‌ನ ಎಮಿಲ್ ಓರ್ಲಿಕ್ 1900ರಲ್ಲಿ ಜಪಾನಿಗೆ ಹೋಗಿ ಅಲ್ಲಿನ ಕೆತ್ತುವವರು, ಒತ್ತುವವರ ಜೊತೆ ಕೂತು ಕಲಿತು ಬಂದರು. ಚಿತ್ರ ಬರೆಯುವವ, ಕೆತ್ತುವವ, ಅಚ್ಚು ಹಾಕುವವ, ಮೂವರನ್ನೂ ಮೂರು ವುಡ್‌ಕಟ್‌ಗಳಲ್ಲಿ ಚಿತ್ರಿಸಿಟ್ಟರು. ಟೀಮನ್ ಮತ್ತು ವಾಲ್ಟರ್ ಕ್ಲೆಮ್ ಇಬ್ಬರೂ ಕಾರ್ಲ್ಸ್‌ಬಾಡ್‌ನವರು, ಪ್ರಾಗ್‌ನಲ್ಲಿ ಒಂದೇ ಸ್ಟುಡಿಯೊ ಹಂಚಿಕೊಂಡು ಈ ದಾರಿ ಹಿಡಿದರು, 1908ರಲ್ಲಿ ಡಾಖೌಗೆ ಬಂದರು. ಆಗ ಆ ಹೆಸರು ಕೇಳಿದರೆ ನೆನಪಾಗುತ್ತಿದ್ದುದು ಜೌಗು ನೆಲ, ಬರ್ಚ್ ಮರ, ಚಿತ್ರಕಾರರ ವಸತಿ. ಇವತ್ತು ನೆನಪಾಗುವುದು ಆಮೇಲೆ ಬಂದ ನಾಜಿಗಳ ಯಾತನಾ ಶಿಬಿರ. ಕ್ಲೆಮ್ 1913ರಲ್ಲಿ ವೈಮಾರ್‌ಗೆ ಮೇಷ್ಟರಾಗಿ ಹೋದರು, ಟೀಮನ್ 1966ರಲ್ಲಿ ತೀರಿಕೊಳ್ಳುವವರೆಗೂ ಡಾಖೌದಲ್ಲೇ ಇದ್ದರು. ಬ್ರ್ಯೂಕೆ ಹುಟ್ಟಿದ ಡ್ರೆಸ್ಡೆನ್‌ನಲ್ಲೇ ಮಾರ್ಟಿನ್ ಎರಿಕ್ ಫಿಲಿಪ್ ಗಿಳಿ, ಕಾಕಟೂ, ಹೂಗಳನ್ನು ಗರಿಗರಿ ಬಿಡಿಸಿ ಕೆತ್ತುತ್ತಿದ್ದರು. ಇವರ ಕೆಲಸದಲ್ಲಿ ಎರಡು ಮಿಲಿಮೀಟರ್ ಜರುಗಿದ ಕೆಂಪನ್ನು ಚೆಂದ ಎಂದು ಯಾರೂ ಕರೆಯುತ್ತಿರಲಿಲ್ಲ, ಹರಿದು ಬುಟ್ಟಿಗೆ ಹಾಕುತ್ತಿದ್ದರು.

ಒಂದು ವ್ಯತ್ಯಾಸ ಗಮನಿಸಿ. ಜಪಾನಿನಲ್ಲಿ ಒತ್ತುವುದೇ ಒಬ್ಬನ ಕಸುಬು. ಕಾಗದಕ್ಕೆ ನೀರು ಕುಡಿಸುವುದನ್ನೇ ಅವನು ವರ್ಷಗಟ್ಟಲೆ ಕಲಿಯುತ್ತಿದ್ದ. ಜರ್ಮನರು ಮೂರೂ ಕೆಲಸ ಒಬ್ಬರೇ ಮಾಡಿದರು. ಅವರನ್ನು ನೋಡಿ ಕಲಿಯುವ ನಾವು ಕೆತ್ತನೆಗೆ ತಿಂಗಳು ಕೊಟ್ಟು, ಕಾಗದಕ್ಕೆ ಹತ್ತು ನಿಮಿಷ ಕೊಡುತ್ತೇವೆ.

ಆದ್ದರಿಂದ ಈಗ ಕಾಗದ. ಅಚ್ಚು ಹಾಕುವ ಹಿಂದಿನ ಸಂಜೆಯೇ ಶುರುಮಾಡಿ. ಮೊದಲು 20 ಒಣ ಹಾಳೆಗಳನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಬರೆದಿಡಿ. ನಿಮ್ಮ ಅಳತೆಯ, 50 ಜಿಎಸ್‌ಎಂ (ಚದರ ಮೀಟರಿಗೆ 50 ಗ್ರಾಂ) ಹಾಳೆ ಒಂದೊಂದೂ 5.6 ಗ್ರಾಂ, ಇಪ್ಪತ್ತಕ್ಕೆ 112 ಗ್ರಾಂ. ಅಚ್ಚಾಗದ ನ್ಯೂಸ್‌ಪ್ರಿಂಟ್ ಅಥವಾ ಬ್ಲಾಟಿಂಗ್ ಕಾಗದವನ್ನು ಹಾಳೆಗಿಂತ ಕೊಂಚ ದೊಡ್ಡದಾಗಿ ಕತ್ತರಿಸಿ, ಅಗಲ ಬ್ರಷ್‌ನಿಂದ ಸಮನಾಗಿ ಒದ್ದೆ ಮಾಡಿ. ಹೊಳೆಯುವ ನೀರು ನಿಲ್ಲಬಾರದು. ಒಂದು ಒದ್ದೆ ಬ್ಲಾಟರ್, ಎರಡು ಕೋಜೊ ಹಾಳೆ, ಮತ್ತೆ ಒದ್ದೆ ಬ್ಲಾಟರ್, ಹೀಗೆ ಅಟ್ಟಿ ಕಟ್ಟುತ್ತ ಹೋಗಿ. ಕೋಜೊಗೆ ನೇರವಾಗಿ ನೀರು ಚಿಮುಕಿಸಬೇಡಿ, ಹನಿ ಬಿದ್ದ ಕಡೆ ಉಬ್ಬಿ ಅಲೆ ಏಳುತ್ತದೆ. ಇಡೀ ಅಟ್ಟಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಮೇಲೆ ಹಲಗೆ, ಅದರ ಮೇಲೆ ಎರಡು ದಪ್ಪ ಪುಸ್ತಕ. ರಾತ್ರಿಯಿಡೀ ಇರಲಿ.

ಬೆಳಿಗ್ಗೆ ಹದ ನೋಡುವುದು ಕೆನ್ನೆಯಿಂದ. ಹಾಳೆ ಕೆನ್ನೆಗೆ ತಾಗಿದರೆ ತಂಪೆನಿಸಬೇಕು, ಒದ್ದೆ ಅಂಟಬಾರದು. ಒಂದು ಮೂಲೆ ಹಿಡಿದು ಎತ್ತಿದರೆ ಸದ್ದಿಲ್ಲದೆ ಜೋಲಬೇಕು. ಗರಗರ ಎಂದರೆ ಒಣ, ಬೆರಳಿಗೆ ಅಂಟಿಕೊಂಡರೆ ಅತಿ ಒದ್ದೆ. ಹದ ಸಿಕ್ಕಾಗ ಬ್ಲಾಟರ್ ತೆಗೆದು ಕೋಜೊ ಹಾಳೆಗಳನ್ನಷ್ಟೇ ಮತ್ತೆ ತೂಗಿ. 155 ಗ್ರಾಂ ಬಂತು ಎಂದಿಟ್ಟುಕೊಳ್ಳೋಣ. ಅದೇ ಇನ್ನು ಮುಂದೆ ನಿಮ್ಮ ಅಳತೆಗೋಲು. ಪ್ರತಿ ಬಣ್ಣ ಶುರುಮಾಡುವ ಮೊದಲು ಬ್ಲಾಟರ್ ಬಿಟ್ಟು ಹಾಳೆಗಳನ್ನು ತೂಗಿ. 8–10 ಗ್ರಾಂ ಇಳಿದಿದ್ದರೆ ಬ್ಲಾಟರ್‌ಗಳಿಗೆ ನೀರು ಹಚ್ಚಿ ಮತ್ತೆ ಸುತ್ತಿ, ಒಂದು ಗಂಟೆ ಬಿಡಿ. ಹಿಂದಿನ ಬಣ್ಣದ ನೀರೂ ತೂಕಕ್ಕೆ ಸೇರುತ್ತದೆ ನಿಜ, ತೆಳುವಾಗಿ ಹಾಕಿದ್ದರೆ ಅದು ಲೆಕ್ಕಕ್ಕಿಲ್ಲ. ಕೆನ್ನೆಯನ್ನು ನಂಬುವವರು ನಂಬಲಿ. ಚಳಿಗಾಲದ ಮ್ಯೂನಿಕ್‌ನಲ್ಲಿ ನಾನು ತಕ್ಕಡಿಯನ್ನು ನಂಬುತ್ತೇನೆ.

ಕೆಲಸ ಮಾಡುವಾಗ ಒಂದು ಸಲಕ್ಕೆ ಒಂದೇ ಹಾಳೆ ಹೊರಗೆ. ಒತ್ತಿದ ಕೂಡಲೇ ಅದು ಇನ್ನೊಂದು ಒದ್ದೆ ಅಟ್ಟಿಗೆ ಹೋಗಬೇಕು, ಮೇಲೆ ಪ್ಲಾಸ್ಟಿಕ್ ಮುಚ್ಚಬೇಕು. ನೀವು ಮಾಡಿದ ತಪ್ಪು ಬಹುಶಃ ಇಲ್ಲೇ ಇದೆ: ಗೆರೆ ಒತ್ತಿದ ಹಾಳೆಗಳನ್ನು ಹಗ್ಗಕ್ಕೆ ನೇತುಹಾಕಿದಿರೋ, ಮೇಜಿನ ಮೇಲೆ ಹರಡಿದಿರೋ. ಬಣ್ಣ ಒಣಗಬೇಕಲ್ಲ ಎಂಬ ಚಿಂತೆ ಬೇಡ. ಅಂಟು ಬೆರೆತ ನೀರಿನ ಬಣ್ಣ ಒತ್ತಿದ ಕ್ಷಣದಲ್ಲೇ ನಾರಿನೊಳಕ್ಕೆ ಇಳಿದಿರುತ್ತದೆ. ನಾಲ್ಕೂ ಬ್ಲಾಕ್ ಮುಗಿಯುವವರೆಗೆ ಹಾಳೆ ಒಣಗಲೇಬಾರದು. ಒಂದು ವಾರಾಂತ್ಯದಲ್ಲಿ ಮುಗಿಸಿ. ಅಪಾಯ ಬೂಷ್ಟು. ಮೂರು ನಾಲ್ಕು ದಿನ ಒದ್ದೆ ಇದ್ದರೆ ಕರಿ ಚುಕ್ಕಿ ಬರಲು ಶುರು, ಬಂದದ್ದು ಹೋಗುವುದಿಲ್ಲ. ನಡುವೆ ಬಿಡಬೇಕಾಗಿ ಬಂದರೆ ಸುತ್ತಿದ ಅಟ್ಟಿಯನ್ನು ಹಾಗೇ ಫ್ರಿಜ್ಜಿನಲ್ಲಿಡಿ. ರೇಡಿಯೇಟರನ್ನು ಆ ಎರಡು ದಿನ ಆರಿಸಿ, ಸ್ವೆಟರ್ ಹಾಕಿಕೊಳ್ಳಿ. ಸ್ಟೌವಿನ ಮೇಲೆ ಒಂದು ಪಾತ್ರೆ ನೀರು ಕುದಿಯುತ್ತಿರಲಿ.

ಯಂತ್ರದಲ್ಲಿ ಮಾಡಿದ ಕಾಗದವಾದರೆ ನಾರಿನ ದಿಕ್ಕನ್ನೂ ನೋಡಿ. ನಾರಿಗೆ ಅಡ್ಡಲಾಗಿ ಅದು ಹೆಚ್ಚು ಹಿಗ್ಗುತ್ತದೆ. ಸಣ್ಣ ಚೌಕವೊಂದನ್ನು ಕತ್ತರಿಸಿ ಒಂದು ಮುಖಕ್ಕೆ ಮಾತ್ರ ನೀರು ತಾಗಿಸಿದರೆ ಕೊಳವೆಯಂತೆ ಸುರುಳಿಯಾಗುತ್ತದೆ. ಕೊಳವೆಯ ಉದ್ದ ಯಾವ ಕಡೆಗೋ ನಾರು ಆ ಕಡೆಗೆ. ಹಾಳೆಯ 40 ಸೆಂ.ಮೀ. ಉದ್ದಕ್ಕೆ ನಾರು ಬರುವಂತೆ ಕತ್ತರಿಸಿ.

ಈಗ ಬೂದು ಬಣ್ಣದ ಚುಕ್ಕಿ. ಜಪಾನಿನಲ್ಲಿ ಇದಕ್ಕೆ 'ಗೋಮ' ಎನ್ನುತ್ತಾರೆ, ಎಳ್ಳು ಅಂತ. ಎಳ್ಳು ಚೆಲ್ಲಿದ ಹಾಗೆಯೇ ಕಾಣುತ್ತದೆ. ಒಣ ಕಾಗದ ಬಣ್ಣವನ್ನು ಎಲ್ಲ ಕಡೆ ಎತ್ತಿಕೊಳ್ಳುವುದಿಲ್ಲ, ಒಣ ಬ್ಲಾಕ್ ತಾನೇ ನೀರು ಕುಡಿದುಬಿಡುತ್ತದೆ, ಒಣ ಗಾಳಿ ನೀವು ಹಾಳೆ ಇಡುವ ಮೊದಲೇ ಬಣ್ಣವನ್ನು ಆರಿಸುತ್ತದೆ. ಬ್ಲಾಕಿಗೆ ಹತ್ತು ನಿಮಿಷ ಮೊದಲೇ ಒದ್ದೆ ಬಟ್ಟೆ ಹೊದಿಸಿಡಿ. ಮೊದಲ ಮೂರು ನಾಲ್ಕು ಪ್ರತಿ ರದ್ದಿ ಕಾಗದದ ಮೇಲೆ ತೆಗೆದು ಬ್ಲಾಕಿನ ಬಾಯಾರಿಕೆ ತೀರಿಸಿ. ಅಂಟಿಗೆ ಒಂದು ಚಮಚ ನುಣ್ಣನೆಯ ಅಕ್ಕಿ ಹಿಟ್ಟು, ಆರು ಚಮಚ ತಣ್ಣೀರು. ಗಂಟಿಲ್ಲದೆ ಕಲಸಿ ಸಣ್ಣ ಉರಿಯಲ್ಲಿ ನಾಲ್ಕೈದು ನಿಮಿಷ ಕೈಯಾಡಿಸಿ. ಹಿಟ್ಟಿನ ಬಿಳುಪು ಹೋಗಿ ಹೊಳಪು ಬರಬೇಕು, ಮಗುವಿಗೆ ಮಾಡುವ ಸರಿಗಿಂತ ಒಂದು ಹದ ಗಟ್ಟಿ. 20×15 ಸೆಂ.ಮೀ. ಹಿನ್ನೆಲೆಗೆ ಅರ್ಧ ಟೀ ಚಮಚ ಬಣ್ಣ, ಕಡಲೆಕಾಳಿನಷ್ಟು ಅಂಟು. ಎರಡನ್ನೂ ಬ್ಲಾಕಿನ ಮೇಲೇ ಬ್ರಷ್‌ನಿಂದ ಸುತ್ತು ಸುತ್ತಾಗಿ ಬೆರೆಸಿ, ಕೊನೆಗೆ ಮರದ ನಾರಿನ ಗುಂಟ ಹಗುರಾಗಿ ಎಳೆಯಿರಿ. ಅಂಟು ಕಡಿಮೆಯಾದರೆ ಎಳ್ಳು. ಹೆಚ್ಚಾದರೆ ಬ್ರಷ್ಷಿನ ಗೆರೆ ಹಾಗೇ ಮೂಡಿ ಅಂಚಿನಲ್ಲಿ ಬಣ್ಣ ಗುಡ್ಡೆಯಾಗುತ್ತದೆ. ಹಿನ್ನೆಲೆಯನ್ನು ಒಂದೇ ಸಲಕ್ಕೆ ದಟ್ಟವಾಗಿ ಹಾಕುವ ಬದಲು ತೆಳುವಾಗಿ ಎರಡು ಸಲ ಒತ್ತಿ. ಎಳ್ಳಿಗೆ ಅದಕ್ಕಿಂತ ಒಳ್ಳೆ ಮದ್ದಿಲ್ಲ.

ಕೆತ್ತನೆಯಲ್ಲೇ ಸ್ವಲ್ಪ ಕ್ಷಮೆಗೂ ಜಾಗ ಇಡಬಹುದು. ಗೆರೆ ಬ್ಲಾಕ್ ಇರುವ ಚಿತ್ರದಲ್ಲಿ ಗೆರೆಯ ದಪ್ಪವೇ ಅರ್ಧ ಮಿಲಿಮೀಟರ್ ತಪ್ಪನ್ನು ನುಂಗುತ್ತದೆ. ಗೆರೆಯಿಲ್ಲದೆ ಬಣ್ಣಕ್ಕೆ ಬಣ್ಣ ತಾಗುವ ಹೂವಿನ ಚಿತ್ರವೇ ಕಷ್ಟ: ಕೊಂಚ ಜರುಗಿದರೂ ಬಿಳಿ ಸೀಳು ಕಾಣುತ್ತದೆ. ಅಲ್ಲಿ ತಿಳಿ ಬಣ್ಣದ ಆಕಾರವನ್ನು ಅರ್ಧದಿಂದ ಒಂದು ಮಿ.ಮೀ. ದೊಡ್ಡದಾಗಿ ಬಿಟ್ಟು ಕೆತ್ತಿ, ಗಾಢ ಬಣ್ಣ ಅದರ ಮೇಲೆ ಹತ್ತಲಿ. ಗೆರೆಯನ್ನು ಬಣ್ಣದ ಬ್ಲಾಕಿಗೆ ಇಳಿಸುವಾಗ ತೆಳು ಕಾಗದ ಅಂಟಿಸುವ ಪದ್ಧತಿಯಲ್ಲಿ ಆ ಕಾಗದವೂ ಹಿಗ್ಗುತ್ತದೆ. ಅದರ ಬದಲು ಗೆರೆ ಬ್ಲಾಕನ್ನು ಪಾಲಿಯೆಸ್ಟರ್ ಹಾಳೆಯ ಮೇಲೆ ಎಣ್ಣೆ ಇಂಕಿನಲ್ಲಿ ಒತ್ತಿ, ಇಂಕು ಹಸಿಯಿರುವಾಗಲೇ ಅದೇ ಕೆಂಟೊಗೆ ಕೂಡಿಸಿ ಹೊಸ ಬ್ಲಾಕಿನ ಮೇಲೆ ಉಜ್ಜಿ. ಎರಡು ಸಲ ತಿರುವುಮುರುವಾಗಿ ಗೆರೆ ಮೂಲದಂತೆಯೇ ಬೀಳುತ್ತದೆ, ಕೂದಲೆಳೆಯಷ್ಟೂ ಹಿಗ್ಗುವುದಿಲ್ಲ.

ನೀರಿನ ತಂಟೆಯೇ ಬೇಡ ಎನಿಸಿದರೆ ಎಣ್ಣೆ ಇಂಕು, ಒಣ ಕಾಗದ, ರೋಲರ್. ಕಾಗದ ಕದಲುವುದಿಲ್ಲ, ಜೋಡಣೆ ಸುಲಭ. ಆಗ ಪ್ರೆಸ್ ಬಗ್ಗೆ ಯೋಚಿಸಬಹುದು. ದಪ್ಪ ಹತ್ತಿ ಕಾಗದ ಕೈಯೊತ್ತಡಕ್ಕೆ ಬಗ್ಗುವುದಿಲ್ಲ. ಕಳೆದುಕೊಳ್ಳುವುದೂ ಇದೆ. ಎಣ್ಣೆ ಬಣ್ಣ ಕಾಗದದ ಮೇಲೆ ಕೂರುತ್ತದೆ, ಒಳಗಿಳಿಯುವುದಿಲ್ಲ. ಪಕಳೆಯ ಒಳಗಿನಿಂದ ಬೆಳಕು ಬಂದಂತಿರುವ ಆ ಗುಣ ಹೋಗುತ್ತದೆ. ಒಂದು ಬಣ್ಣಕ್ಕೂ ಇನ್ನೊಂದಕ್ಕೂ ನಡುವೆ ದಿನಗಟ್ಟಲೆ ಕಾಯಬೇಕು. ತೊಳೆಯಲು ಟರ್ಪೆಂಟೈನ್ ಬೇಡ, ಕಿಟಕಿ ಮುಚ್ಚಿದ ಚಳಿಗಾಲದ ಫ್ಲ್ಯಾಟಿನಲ್ಲಂತೂ ಬೇಡವೇ ಬೇಡ. ಅಡುಗೆ ಎಣ್ಣೆ, ಆಮೇಲೆ ಸೋಪು ಸಾಕು. ಅಗಸೆ ಎಣ್ಣೆಯ ಇಂಕು ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬುಟ್ಟಿಗೆ ಎಸೆಯಬೇಡಿ. ಅದು ತಾನಾಗೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲದು. ನೀರಲ್ಲಿ ಅದ್ದಿ, ಮುಚ್ಚಳವಿರುವ ಲೋಹದ ಡಬ್ಬಿಯಲ್ಲಿ ಹಾಕಿ. ಒಂದೇ ಬ್ಲಾಕನ್ನು ಕೆತ್ತುತ್ತ ಕೆತ್ತುತ್ತ ಎಲ್ಲ ಬಣ್ಣ ಒತ್ತುವ ದಾರಿಯೂ ಇದೆ. ಕೆಂಟೊ ಒಂದೇ ಆದ್ದರಿಂದ ಬ್ಲಾಕುಗಳ ನಡುವಿನ ತಪ್ಪು ಇಲ್ಲವಾಗುತ್ತದೆ, ಆದರೆ ಎರಡನೇ ಬಣ್ಣಕ್ಕೆ ಹೋದ ಮೇಲೆ ಮೊದಲನೆಯದಕ್ಕೆ ಹಿಂತಿರುಗಲಾಗದು. ನಿಮ್ಮ ನಾಲ್ಕು ಬ್ಲಾಕ್ ಕೆತ್ತಿ ಮುಗಿದಿವೆ, ಜೂನ್‌ನಲ್ಲಿ ಚೆನ್ನಾಗಿ ಕೂಡಿವೆ. ನನ್ನನ್ನು ಕೇಳಿದರೆ ನೀರಿನಲ್ಲೇ ಮುಂದುವರಿಯಿರಿ.

ಯುಗಾದಿ ಸಂತೆಯ ವಿಚಾರ. ಜರ್ಮನಿಯಲ್ಲಿ ಕೃತಿಸ್ವಾಮ್ಯ ಕಲಾವಿದ ತೀರಿಕೊಂಡ ವರ್ಷದಿಂದ 70 ವರ್ಷ, ಎಪ್ಪತ್ತನೇ ವರ್ಷದ ಕೊನೆಯವರೆಗೆ. ಟೀಮನ್ ಅವರ ಲೆಕ್ಕ 2036ರ ಡಿಸೆಂಬರ್ 31ಕ್ಕೆ ಮುಗಿಯುತ್ತದೆ. ಮನೆಯಲ್ಲಿ ಕಲಿಯಲು ಒಂದು ಪ್ರತಿ ಮಾಡಿಕೊಳ್ಳುವುದು ಬೇರೆ, ಮಾರುವುದು ಬೇರೆ, ಅದನ್ನು ಮಾರಬೇಡಿ. 1957ರಲ್ಲಿ ತೀರಿಕೊಂಡ ಕ್ಲೆಮ್ ಅವರದು 2027ರ ಕೊನೆಗೆ, 1978ರವರೆಗೆ ಬದುಕಿದ್ದ ಫಿಲಿಪ್ ಅವರದು 2048ಕ್ಕೆ. ಓರ್ಲಿಕ್ 1932ರಲ್ಲೇ ಹೋದವರು, ಅವರ ಚಿತ್ರಗಳನ್ನು ಇಟ್ಟುಕೊಂಡು ಎಷ್ಟು ಬೇಕಾದರೂ ಕೈ ಪಳಗಿಸಬಹುದು. ಸಂತೆಗೆ ನಿಮ್ಮ ಸ್ವಂತ ಡೇಲಿಯಾ ಒಯ್ಯಿರಿ.

ಜೂನ್‌ನ 12, ಡಿಸೆಂಬರ್‌ನ ಆರಲ್ಲಿ ಹಿನ್ನೆಲೆ ಚೆನ್ನಾಗಿರುವಷ್ಟು, ಇವಕ್ಕೆ ಪೆನ್ಸಿಲಿನಲ್ಲಿ ಸಂಖ್ಯೆ ಹಾಕಿ ಸಹಿ ಮಾಡಿ. ಉಳಿದ 14ನ್ನು ಎಣಿಕೆಗೆ ಸೇರಿಸಬೇಡಿ, ಎಸೆಯಲೂ ಬೇಡಿ. ಅದೇ ಕಾಗದ, ಅದೇ ದಪ್ಪ. ಬೂದು ಬಣ್ಣಕ್ಕೆ ಎಷ್ಟು ಅಂಟು ಸರಿ ಎಂದು ನೋಡಲು ಅವುಗಳ ಬೆನ್ನೇ ಸಾಕು.